ಮೋಡದ ಉಗ್ರಾಣದ ಮೂರು ಒಗಟು

"ಕೇಳ್ರಪ್ಪೋ ಕೇಳಿ! ದೊರೆಗಳು ಮೂರು ಒಗಟು ಕೇಳ್ತಾರೆ. ಬಿಡಿಸಿದವರಿಗೆ ಮೋಡದ ಉಗ್ರಾಣದ ಕಾವಲು, ಜೊತೆಗೆ ಕೇಳಿದ್ದು ಬಹುಮಾನ. ತಪ್ಪಿದವರಿಗೆ ಅಮಾಸೆ ದಿನ ತಲೆದಂಡ!"

ಸಿರಿವಾಳ ಪಟ್ಟಣದಲ್ಲಿ ಹೀಗೆ ಡಂಗುರ ಹೊಡೆದ ಸದ್ದಿಗೆ ಏಳು ಹಳ್ಳಿಯ ಹಾಲು ಕರೆಯೋ ಮುಂಚೇನೇ ಮೊಸರಾಯ್ತು. ಸುಳ್ಳಲ್ಲ, ಆ ಮೊಸರು ನಾನೇ ಉಂಡಿದ್ದೀನಿ.

ವಿಷಯ ಏನಂದ್ರೆ, ಯಾರ ಹೊಲ ಎಲ್ಲಿ, ಯಾರಿಗೆ ಯಾವ ಕಾಯಿಲೆ ಅನ್ನೋ ಜನರ ಕಾಗದವೆಲ್ಲ ಅರಮನೆಯ ಕಲ್ಲಿನ ಕೋಣೇಲಿತ್ತು. ಜಾಗ ಸಾಲದೆ ದೊರೆ ಒಬ್ಬ ಸಾಹುಕಾರನ ಮೋಡ ಬಾಡಿಗೆಗೆ ಹಿಡಿದ. ಅದೇ ಮೋಡದಲ್ಲಿ ಇನ್ನೂ ನಾಲ್ಕು ರಾಜ್ಯದ ಕಾಗದ ಇದ್ವು. ಒಂದು ಸಂತೆ ದಿನ ಜೋರು ಗಾಳಿ ಬಂತು ನೋಡಿ, ಬದನೆಕಾಯಿ ರಾಶಿ ಮೇಲೆ ಕಾಗದದ ಮಳೆ! ಯಾರ ಗುಟ್ಟು ಯಾರಾದ್ರೂ ಓದಬಹುದಿತ್ತು.

ಮಡಿವಾಳರ ಮಾಚನ ತಂಗಿ ನಿಂಗಿಗೆ ಚಿಕ್ಕಂದಿನಿಂದ ಮೂರ್ಛೆ ಕಾಯಿಲೆ. ವೈದ್ಯರು ಬರೆದಿಟ್ಟಿದ್ದ ಆ ಕಾಗದ ಗಂಡಿನ ಕಡೆಯವರ ಬುಟ್ಟಿಗೇ ಬಿತ್ತು. ಮದುವೆ ನಿಂತುಹೋಯ್ತು. ನಿಂಗಿ ಅವತ್ತಿಂದ ಹೊಸ್ತಿಲು ದಾಟಲಿಲ್ಲ.

ಡಂಗುರ ಕೇಳಿ ಮಾಚ ಎದ್ದ. "ಇನ್ನೊಂದು ಸಲ ಹೀಗಾದ್ರೆ ಇನ್ಯಾರ ಮನೆ ಬಾಗಿಲು ಮುಚ್ಚುತ್ತೋ. ಹೋಗಿಬರ್ತೀನಿ ಕಣವ್ವ."

"ನಿನ್ನ ತಲೇನೂ ಹೋದ್ರೆ ನನಗ್ಯಾರಿದಾರಣ್ಣ?" ಅಂತ ಅವಳು ಅತ್ತಳು. ಅವನು ಹೋದ.

ಅರಮನೇಲಿ ದೊರೆಯ ಅಜ್ಜಿ ಬರೆಸಿದ್ದ ತಾಮ್ರದ ತಗಡಿತ್ತು. ಕಾಗದಪತ್ರ ಕಾಯೋಕೆ ಇನ್ನೂರು ಕಟ್ಟಳೆ. ಎಲ್ಲ ಕಲ್ಲಿನ ಕೋಣೆಗೆ ಬರೆದಿದ್ದು, ಮೋಡಕ್ಕೆ ಹೊಂದಿಸೋದು ಹೇಗೆ ಅಂತ ಯಾರಿಗೂ ತಿಳೀದು. ತಗಡಿನ ಕೊನೇಲಿ ಮೂರು ಒಗಟು. ಅವನ್ನ ತಾನಾಗಿ ಬಿಡಿಸಿದವನಿಗೇ ಕಟ್ಟಳೆಯ ತಿರುಳು ಗೊತ್ತಾಗೋದು ಅಂತಂದು, ಅಜ್ಜಿ ಉತ್ತರಾನ ದೊರೆಯ ಕಿವೀಲಿ ಮಾತ್ರ ಹೇಳಿ ಕಣ್ಮುಚ್ಚಿದ್ದಳು. ಉತ್ತರ ಗೊತ್ತಿದ್ರೂ ಅದರ ಅರ್ಥ ದೊರೆಗೆ ಹೊಳೆದಿರಲಿಲ್ಲ.

ದೊರೆ ಕೇಳಿದ: "ಮನೆ ನನ್ನದಲ್ಲ, ಗೋಡೆ ನನ್ನದಲ್ಲ, ಬಾಗಿಲು ಕಾಯೋನು ನನ್ನ ಆಳಲ್ಲ. ಒಳಗಿನದು ಹೋದ್ರೆ ಮಾತ್ರ ಜನ ನನ್ನ ಜುಟ್ಟು ಹಿಡೀತಾರೆ. ನಾನು ಕಾಯಬೇಕಾದ್ದು ಏನು?"

ದಳವಾಯಿ ಬೊಮ್ಮರಸ ಮೀಸೆ ತಿರುವಿದ. "ಎಲ್ಲಾನೂ ಕಾಯಬೇಕು ಪ್ರಭು! ಹದಿನೇಳನೇ ಕಟ್ಟಳೇಲಿ ಕಂದಕ ಅಂತಿದೆ. ಮೋಡದ ಸುತ್ತ ಕಂದಕ ತೋಡಿ ಮೊಸಳೆ ಬಿಡೋಣ." ಬಿಟ್ಟೂ ನೋಡಿದ. ಮೂರೂ ಮೊಸಳೆ ಸೊಪ್ಪಿನ ಅಂಗಡಿ ಮೇಲೆ ಬಿದ್ವು. ದಳವಾಯಿ ಸೆರೆಮನೆಗೆ ಹೋದ.

ಪಂಡಿತ ಅನಂತಯ್ಯ ನಕ್ಕ. "ಏನೂ ಕಾಯಬೇಕಿಲ್ಲ. ಬಾಡಿಗೆ ಕೊಡ್ತೀವಲ್ಲ, ಸಾಹುಕಾರ ಕಾಯ್ಲಿ." ಅವನೂ ಹಿಂದೇನೇ ಹೋದ.

ಮಾಚ ಕೈಮುಗಿದ. "ಕೆರೆ ನಂದಲ್ಲ ಬುದ್ಧಿ, ಒಗೆಯೋ ಕಲ್ಲೂ ಊರಿನದು. ಏರಿ ಒಡೆದ್ರೆ ಕೆರೆ ಕಾಯೋ ನೀರುಗಂಟಿ ನೋಡ್ಕೋತಾನೆ. ಗೌಡರ ಪಂಚೆ ಶೆಟ್ಟರ ಮನೆ ಸೇರಿದ್ರೆ ಬೈಸ್ಕೊಳೋನು ನಾನು. ಹಾಗೇ ಮೋಡ ಕಾಯೋದು ಸಾಹುಕಾರ, ಒಳಗಿನ ಕಾಗದದ ಗಂಟು ಕಾಯೋದು ನಾವು. ಸಂತೇಲಿ ಬಿದ್ದದ್ದು ಬರೀ ನಮ್ಮ ಅರಮನೆ ಕಾಗದ. ಬೇರೆ ರಾಜ್ಯದ್ದು ಒಂದೂ ಬೀಳಲಿಲ್ಲ. ಮೋಡ ಹರಿದಿರಲಿಲ್ಲ, ನಮ್ಮೋರು ಗಂಟು ಬಿಗಿದಿರಲಿಲ್ಲ."

"ಮೊದಲನೇದು ಸರಿ!" ದೊರೆ ಮುಂದಕ್ಕೆ ಬಾಗಿದ. "ನೂರು ಮನೆಯವರು ಒಂದೇ ಕೋಣೇಲಿದಾರೆ. ಗೋಡೆಯಿಲ್ಲ, ಪರದೆಯಿಲ್ಲ. ಆದ್ರೂ ಒಬ್ಬರ ಗುಟ್ಟು ಇನ್ನೊಬ್ಬರಿಗೆ ತಿಳಿಯಲ್ಲ. ಅಡ್ಡ ನಿಂತಿರೋದು ಏನು?"

"ಗುರುತು ಬುದ್ಧಿ. ನೂರು ಮನೆ ಬಟ್ಟೆ ಒಂದೇ ಬಾನೀಲಿ ಬೇಯಿಸ್ತೀನಿ. ಅಂಚಿಗೆ ಒಗೆದ್ರೂ ಹೋಗದ ಗೇರುಕಾಯಿ ರಸದ ಚುಕ್ಕಿ ಇಟ್ಟಿರ್ತೀನಿ. ಬೇರೆಯೋರಿಗೆ ಅದು ಬರೀ ಚುಕ್ಕಿ, ನನಗೆ ಒಂದು ಮನೆ. ಕಾಗದಾನೂ ಅಂಥ ಗುರುತಲ್ಲೇ ಬರೆಸಿ. ಓದೋ ಬಗೆ ಸಾಹುಕಾರನಿಗೂ ಹೇಳಬೇಡಿ."

"ಕೊನೇದು. ಬೆಳಗ್ಗೆ ನಿಜ, ಸಂಜೆಗೆ ಸುಳ್ಳು. ನಡುವೆ ಯಾರೂ ಮುಟ್ಟಿಲ್ಲ. ಏನದು?"

ಮಾಚ ತಲೆ ಕೆರೆದುಕೊಂಡ. ನೆರಳಾ? ಹೂವಾ? ಆಳುಗಳು ಕೊರಳಪಟ್ಟಿ ಹಿಡಿಯೋಕೆ ಎರಡು ಹೆಜ್ಜೆ ಬಂದ್ರು. ಅವನು ಕಣ್ಣು ಮುಚ್ಚಿ, ಹಗ್ಗದ ಮೇಲೆ ಬಟ್ಟೆ ಹರವಿ ಮನೆಗೆ ಹೋದ ದಿನಗಳನ್ನ ನೆನೆಸಿಕೊಂಡ.

"'ಎಲ್ಲಾ ಸರಿಯಾಗಿದೆ' ಅನ್ನೋ ಮಾತು, ಬುದ್ಧಿ! ಹಾಗಂದು ನಾವು ಬೆನ್ನು ತಿರುಗಿಸಿದ್ರೆ ಸಾಕು, ಗಾಳಿ ಬೀಸುತ್ತೆ, ಹಗ್ಗ ಸಡಿಲ ಆಗುತ್ತೆ, ಕತ್ತೆ ಬರುತ್ತೆ. ಅದಕ್ಕೇ ಒಯ್ಯುವಾಗ ನೋಡ್ತೀವಿ, ಒಣಗುವಾಗ ನೋಡ್ತೀವಿ, ತಲುಪಿಸುವಾಗ ಮತ್ತೆ ನೋಡ್ತೀವಿ. ವರ್ಷಕ್ಕೊಂದು ಸಲ 'ಸರಿಯಿದೆ' ಅಂತ ಮೊಹರು ಒತ್ತಿ ಕೂತ್ರೆ ಆಗಲ್ಲ."

ದೊರೆ ಸಿಂಹಾಸನದಿಂದ ಜಿಗಿದ ರಭಸಕ್ಕೆ ಕಿರೀಟ ಹೋಗಿ ತೊಲೆಗೆ ಸಿಕ್ಕಿಕೊಂಡಿತು. "ಅಜ್ಜಿ ಹೇಳಿದ್ದೂ ಇದೇ! ಅರ್ಧ ರಾಜ್ಯ ಬೇಕೇನೋ?"

"ಅಷ್ಟು ದೊಡ್ಡದು ಒಗೆಯೋಕಾಗಲ್ಲ ಬುದ್ಧಿ. ಸೆರೇಲಿರೋ ಇಬ್ಬರನ್ನ ಬಿಡಿ. ಗಂಟು ಬಿಗಿಯೋಕೆ ನನಗೆ ಜನ ಬೇಕು."

ಬಿಟ್ಟರು. ಎಂಟು ದಿನದಲ್ಲಿ ಪ್ರತಿಯೊಬ್ಬರ ಕಾಗದಾನೂ ಗುರುತಲ್ಲಿ ಬರೆದು ಬೇರೆ ಬೇರೆ ಗಂಟು ಕಟ್ಟಾಯ್ತು, ಓದೋ ಬಗೆ ಕಾವಲಿನ ಮಾಚನ ಹತ್ರ ಮಾತ್ರ. ಆಮೇಲೆ ದೊರೆ ಮಾಚನ್ನ ಹತ್ರ ಕರೆದ. "ಓದೋ ಬಗೆ ನನಗೆ ಹೇಳು. ಪಟ್ಟಣದಲ್ಲಿ ಯಾರ್ಯಾರಿಗೆ ಏನೇನಿದೆ ಅಂತ ಒಂದು ಸಲ ನೋಡ್ಬಿಡ್ತೀನಿ."

"ಯಾಕೆ ಬುದ್ಧಿ?"

"ಯಾಕೆ ಅಂದ್ರೆ? ದೊರೆ ಕಣೋ ನಾನು!"

"ನಿಮ್ಮ ಗಂಟು ನಿಮಗೆ ಕೊಡ್ತೀನಿ. ನಮ್ಮ ನಿಂಗೀದು ಅವಳಿಗೆ, ಅವಳ ವೈದ್ಯರಿಗೆ. ನಿಮಗೆ ಅದರಲ್ಲಿ ಕೆಲಸ ಇಲ್ಲ."

ದಳವಾಯಿ ಕಣ್ಣು ಮುಚ್ಚಿಕೊಂಡ. ಹಾರ್ತಿದ್ದ ಕಾಗೆ ಗಾಳೀಲೇ ನಿಂತಿತು. ದೊರೆ ತನ್ನ ಪುಟ್ಟ ಗಂಟನ್ನ ಎರಡೂ ಕೈಯಲ್ಲಿ ಇಸ್ಕೊಂಡು ಒಳಗೆ ಹೋದ.

ಮನೇಲಿ ನಿಂಗಿ ಕೇಳಿದಳು, "ದೊರೆಗೂ ಕೊಡಲಿಲ್ವಾ?"

"ಇಲ್ಲ ಕಣವ್ವ."

ಅವಳು ಮುಖ ತೊಳೆದಳು, ಬಟ್ಟೆ ಮೂಟೆ ಹೊತ್ತಳು, ಕೆರೆಗೆ ಹೊರಟಳು. ಹಿತ್ತಲ ದಾರೀಲಲ್ಲ, ಸಂತೆಬೀದಿ ನಟ್ಟನಡುವೆ. ನಾನೇ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.