ಕಸದಬುಟ್ಟಿಯ ಒಂದೇ ಪ್ರಶ್ನೆ

ಜಲಜಾಕ್ಷಿ ಟೀಚರ ಲ್ಯಾಪ್‌ಟಾಪ್ ಹೊಟ್ಟೆ ಬಿರಿಯುವಷ್ಟು ತುಂಬಿತ್ತು. ಮೊಮ್ಮಗಳ ನಾಮಕರಣದ ವಿಡಿಯೊ ಇಡಲೂ ಜಾಗವಿರಲಿಲ್ಲ. ಸಿಟ್ಟಿಗೆದ್ದ ಟೀಚರು ಹೆಸರನ್ನೂ ನೋಡದೆ ದೊಡ್ಡ ದೊಡ್ಡ ಫೈಲುಗಳನ್ನೆಲ್ಲ ಪರದೆಯ ಮೂಲೆಯ ಕಸದಬುಟ್ಟಿಗೆ ಎಳೆದು ಹಾಕಿದರು.

ಬುಟ್ಟಿ ಎಲ್ಲವನ್ನೂ ಮಡಿಲಿಗೆ ಹಾಕಿಕೊಂಡು ನೋಡಿತು. ಯಾರದೋ ಗೃಹಪ್ರವೇಶದ ವಿಡಿಯೊ. ಡೌನ್‌ಲೋಡ್ ಮಾಡಿ ಇಳಿಸಿದ್ದು ಎಲ್ಲಿ ಹೋಯಿತೆಂದು ತಿಳಿಯದೆ ಟೀಚರು ಮತ್ತೆ ಮತ್ತೆ ಇಳಿಸಿಕೊಂಡ ಅದರದೇ ಪ್ರತಿಗಳು. ನಡುವೆ, ತೀರಿಹೋದ ಅವರ ಅಮ್ಮ ಜೋಗುಳ ಹಾಡುವ ವಿಡಿಯೊ.

"ನೀನು ಬರಿದಾಗದೆ ನನ್ನ ಹೊಟ್ಟೆ ಹಗುರಾಗದು. ಬೇಗ ಚೆಲ್ಲು," ಎಂದಿತು ಲ್ಯಾಪ್‌ಟಾಪ್.

"ಚೆಲ್ಲುವ ಮುಂಚೆ ಒಂದು ಪ್ರಶ್ನೆ ಕೇಳುವುದು ನನ್ನ ಧರ್ಮ," ಎಂದಿತು ಬುಟ್ಟಿ.

"ಅದನ್ನು ಇವತ್ತಿನವರೆಗೆ ಯಾರಾದರೂ ಓದಿದ್ದಾರೆಯೇ?"

"ಇಲ್ಲ. ಆದರೂ ಕೇಳುತ್ತೇನೆ."

ಟೀಚರು ಬುಟ್ಟಿ ಖಾಲಿ ಮಾಡಲು ಒತ್ತಿದರು. ಬುಟ್ಟಿ ಕೇಳಿತು: "ಇವೆಲ್ಲ ಶಾಶ್ವತವಾಗಿ ಅಳಿಸಿಹೋಗುತ್ತವೆ. ಅಳಿಸಲೇ?"

'ಹೌದು' ಒತ್ತಲು ಹೋದ ಬೆರಳು ನಿಂತಿತು. ಪ್ರಶ್ನೆ ಓದದೆ ಉತ್ತರ ಬರೆಯಬೇಡಿ ಎಂದು ಪರೀಕ್ಷೆಯ ಕೋಣೆಗಳಲ್ಲಿ ಜೀವಮಾನವೆಲ್ಲ ಹೇಳಿದವರು ಅವರು. ಬುಟ್ಟಿ ತೆರೆದು ಒಂದೊಂದೇ ಹೆಸರು ಓದಿದರು. ಅಮ್ಮನ ಹೆಸರು ಬಂದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆ ವಿಡಿಯೊವನ್ನು ಅದರ ಜಾಗಕ್ಕೆ ಮರಳಿಸಿ, ಪೆನ್‌ಡ್ರೈವಿಗೂ ಒಂದು ಪ್ರತಿ ಹಾಕಿ, ಅಲ್ಲಿಯೂ ಸರಿಯಾಗಿ ಓಡುತ್ತದೆಯೇ ಎಂದು ಜೋಗುಳವನ್ನು ಕೊನೆಯವರೆಗೂ ಕೇಳಿದರು. ಆಮೇಲೆಯೇ 'ಹೌದು' ಒತ್ತಿದ್ದು.

ಬುಟ್ಟಿ ನಿಶ್ಚಿಂತೆಯಿಂದ ಬರಿದಾಯಿತು. ತೆರವಾದ ಜಾಗಕ್ಕೆ ಮೊಮ್ಮಗಳ ನಾಮಕರಣದ ತೊಟ್ಟಿಲಿನ ವಿಡಿಯೊ ಬಂದು ಮುತ್ತಜ್ಜಿಯ ಜೋಗುಳದ ಪಕ್ಕದಲ್ಲಿ ಕೂತಿತು.