ಕೆಂಚಿಯ ಉಸಿರು

ನೀವೇ ಊಹಿಸಿ ನೋಡೋಣ. ಹದಿನಾರು ವರ್ಷ ಒಂದು ದಿನವೂ ಕೈಕೊಡದ ಕಾರು. ಹೊಳೆಯ ಸೇತುವೆಯ ನಟ್ಟನಡುವೆ, ಹಿಂದಿನಿಂದ ಭತ್ತದ ಟ್ರ್ಯಾಕ್ಟರು ಒಂದೇ ಸಮನೆ ಹಾರನ್ ಹೊಡೆಯುತ್ತಿರುವಾಗ, ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು. ಏನಾಗಿದ್ದಿರಬಹುದು?

ಪೆಟ್ರೋಲ್ ಖಾಲಿ ಅಂದಿರಾ? ಅಲ್ಲ. ಬ್ಯಾಟರಿ? ಅದೂ ಅಲ್ಲ. ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟ ನನಗೇ ಹೊಳೆಯಲಿಲ್ಲ, ನೀವು ಬೇಜಾರು ಮಾಡಿಕೊಳ್ಳಬೇಡಿ.

ಕಾರು ನನ್ನದು. ಅದರ ಬಣ್ಣ ನೋಡಿ ನನ್ನ ಹೆಂಡತಿ ಕೆಂಚಿ ಎಂದು ಹೆಸರಿಟ್ಟಿದ್ದಳು. ಹರಿಹರದಲ್ಲಿ ತುಂಗಭದ್ರೆಯ ದಂಡೆಗೆ ಬೆನ್ನುಕೊಟ್ಟು ನಿಂತ ತಗಡಿನ ಗ್ಯಾರೇಜೊಂದು ಕೆಂಚಿಯ ತವರುಮನೆ. ಸರ್ವಿಸ್ಸಿಗೂ ಅಲ್ಲಿಗೇ, ಹಬ್ಬದ ಪೂಜೆಗೂ ಅಲ್ಲಿಗೇ.

ಅಲ್ಲಿನ ಗುರು ಬುಡೇನ್ ಸಾಬರು. ಎಲ್ಲರಿಗೂ ಉಸ್ತಾದ್. ಎಡಚರು. ಚಹಾದ ಬಸಿಯೂ ಎಡಗೈಯಲ್ಲಿ, ಸ್ಪ್ಯಾನರೂ ಎಡಗೈಯಲ್ಲಿ.

ಶಿಷ್ಯೆ ಹಾಲಮ್ಮ. ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ, ನಾಲ್ಕು ವರ್ಷದಿಂದ ಅವರ ಕೈಕೆಳಗೆ ಕಲಿಯುತ್ತಿದ್ದವಳು.

ಉಸ್ತಾದರದೊಂದು ಪದ್ಧತಿ. ರಿಪೇರಿಯಾದ ಪ್ರತಿ ಗಾಡಿಯ ಬಗ್ಗೆ ನೋಟುಬುಕ್ಕಿನಲ್ಲಿ ಮೂರು ಮಾತು ಬರೆಸುತ್ತಿದ್ದರು. ಏನು ಕೆಟ್ಟಿತು, ಯಾರ ಕೈಯಿಂದ, ಯಾವತ್ತು. ಮೂರೂ ತುಂಬದೆ ಗಾಡಿ ಗೇಟು ದಾಟುವಂತಿಲ್ಲ.

ಹಾಲಮ್ಮನ ಹತ್ತಿರ ಹೊಸದೊಂದು ಯಂತ್ರವಿತ್ತು. ಬೆಂಕಿಪೊಟ್ಟಣದಷ್ಟು ದೊಡ್ಡದು. ಸ್ಟೀರಿಂಗಿನ ಕೆಳಗೆ ಸಿಕ್ಕಿಸಿದರೆ ಸಾಕು, ವೈರಿಲ್ಲ ಏನಿಲ್ಲ, ಕಾರಿನ ಕಾಯಿಲೆ ಅವಳ ಮೊಬೈಲಿನಲ್ಲಿ ನಂಬರಾಗಿ ಮೂಡುತ್ತಿತ್ತು. ನಾನಂತೂ ಚಿಕ್ಕ ಹುಡುಗನ ಹಾಗೆ ಬಾಗಿ ಬಾಗಿ ನೋಡಿದೆ.

"ಉಸ್ತಾದ್, ಇನ್ನು ನೋಟುಬುಕ್ ಯಾಕೆ? ಇದೇ ಎಲ್ಲ ಹೇಳುತ್ತೆ."

"ಹೇಳಲಿ ಬೇಟಿ. ಕೇಳೋಣ."

ಸೇತುವೆಯಿಂದ ನೂಕಿಸಿಕೊಂಡು ತಂದ ಕೆಂಚಿಗೆ ಅದನ್ನು ಸಿಕ್ಕಿಸಿದಳು. ಪಿ ಸೊನ್ನೆ ಒಂದು ಏಳು ಒಂದು.

"ಎಂಜಿನ್ನಿಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತಿದೆ. ಆಕ್ಸಿಜನ್ ಸೆನ್ಸರ್ ಹೋಗಿದೆ ಉಸ್ತಾದ್."

"ಸೆನ್ಸರ್ ಹೋಗಿದೆ ಅಂತ ಅದು ಹೇಳಿತಾ?"

"ಅದರ ಅರ್ಥ ಅದೇ."

ಉಸ್ತಾದರು ಬಸಿಗೆ ಚಹಾ ಬಗ್ಗಿಸಿಕೊಂಡರು.

ಸೆನ್ಸರ್ ಬದಲಾಯಿತು. ಎಂಜಿನ್ ಕೆಟ್ಟರೆ ಹತ್ತುವ ಹಳದಿ ದೀಪ ಆರಿತು. ಎರಡನೇ ದಿನ ರೈಲ್ವೆ ಗೇಟಿನ ಹತ್ತಿರ ದೀಪ ಮತ್ತೆ ಹತ್ತಿತು, ಕೆಂಚಿ ಮತ್ತೆ ನಿಂತಳು.

ಅದೇ ನಂಬರು. ಹಾಲಮ್ಮ ಪೆಟ್ರೋಲಿನ ಪಂಪು ಬದಲಾಯಿಸಿದಳು. ನಾಲ್ಕನೇ ದಿನ ಕೆಂಚಿ ಸಂತೆಯ ಎದುರಿಗೇ ನಿಂತಳು. ಹೀರೇಕಾಯಿ ಮಾರುವವರು ಬಂದು ನೂಕಿಕೊಟ್ಟರು.

"ಇನ್ನು ಸಾಕು ಕಣ್ರೀ," ಎಂದಳು ನನ್ನ ಹೆಂಡತಿ. ಗುಜರಿಯವನಿಗೆ ಫೋನಾಯಿತು. ನಾಳೆ ಬೆಳಿಗ್ಗೆ ಬಂದು ಒಯ್ಯುತ್ತಾನೆ ಎಂದೂ ಆಯಿತು. ಆಮೇಲೆ ಅವಳೇ ಹೋಗಿ ಸೆರಗಿನಿಂದ ಕೆಂಚಿಯ ಕನ್ನಡಿ ಒರೆಸುತ್ತ ನಿಂತಳು. ಅದನ್ನು ನೋಡಲಾರದೆ ನಾನು ಕಾರನ್ನು ಹೇಗೋ ಗ್ಯಾರೇಜಿನವರೆಗೆ ಓಡಿಸಿಕೊಂಡು ಹೋದೆ.

ವಿಷಯ ಕೇಳಿ ಹಾಲಮ್ಮನ ಮುಖ ಸಣ್ಣಗಾಯಿತು. ಇನ್ನೊಮ್ಮೆ ಯಂತ್ರ ಸಿಕ್ಕಿಸಿದಳು. ಅದೇ ನಂಬರು.

"ಸುಳ್ಳು ಹೇಳೋ ಮಷೀನು! ಹೊಳೆಗೆ ಎಸೆದುಬಿಡ್ತೀನಿ."

ಉಸ್ತಾದರು ಯಂತ್ರವನ್ನು ಅವಳ ಕೈಯಿಂದ ತೆಗೆದುಕೊಂಡರು. ಒಗೆದ ಬಟ್ಟೆಯಿಂದ ಒರೆಸಿದರು. ಅವಳ ಅಂಗೈಯಲ್ಲೇ ಮತ್ತೆ ಇಟ್ಟರು.

"ಪಾಪ, ಅದು ಮೂರು ಸಲವೂ ಒಂದೇ ಮಾತು ಹೇಳಿತು. ಗಾಳಿ ಜಾಸ್ತಿ ಅಂತ. ಸೆನ್ಸರ್ ಅಂದಿದ್ದು ನೀನು. ಪಂಪು ಅಂದಿದ್ದೂ ನೀನು."

"ಹಾಗಾದರೆ ಆ ಗಾಳಿ ಎಲ್ಲಿಂದ ಬರ್ತಿದೆ ಉಸ್ತಾದ್?"

"ಒಂದು ಊದುಬತ್ತಿ ಹಚ್ಚು."

"ಎಂಜಿನ್ ಹತ್ತಿರ ಬೆಂಕಿಯಾ!" ಎಂದು ನಾನು ಕೂಗಿಕೊಂಡೆ.

"ಮೇಷ್ಟ್ರೇ, ನೀವು ಸ್ವಲ್ಪ ಹೊಳೆ ನೋಡ್ತಾ ನಿಂತಿರಿ," ಎಂದರು ಉಸ್ತಾದರು.

ನೋಡಲಿಲ್ಲ. ಯಾರು ನೋಡುತ್ತಾರೆ ಹೊಳೆಯನ್ನು ಆಗ?

ಎಂಜಿನ್ ಚಾಲೂ ಇತ್ತು, ಕುಂಟುತ್ತ. ಹಾಲಮ್ಮ ಊದುಬತ್ತಿಯನ್ನು ಪೈಪುಗಳ ಗುಂಟ ಮೆಲ್ಲಗೆ ಆಡಿಸಿದಳು. ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಮೂಲೆಯ ಸಣ್ಣ ರಬ್ಬರ್ ಪೈಪಿನ ಹತ್ತಿರ ಬಂದಾಗ ಹೊಗೆ ಬಾಗಿತು. ಬಾಗಿ, ಪೈಪಿನೊಳಗೇ ನುಗ್ಗಿತು.

ಹಾಲಮ್ಮ ಎಂಜಿನ್ ನಿಲ್ಲಿಸಿ ಟಾರ್ಚು ಬಿಟ್ಟಳು. ಪೈಪಿಗೆ ಒಂದು ತಂತಿ ಸುತ್ತಿತ್ತು. ಬಿಸಿಗೂ ಅಲುಗಾಟಕ್ಕೂ ಆ ತಂತಿ ಹಳೆಯ ರಬ್ಬರನ್ನು ಕಚ್ಚಿ ಕಚ್ಚಿ ಸೀಳಿತ್ತು. ತಂತಿಯಲ್ಲಿ ಒಣಗಿದ ಚೆಂಡುಹೂವಿನ ತೊಟ್ಟೊಂದು ಇನ್ನೂ ಸಿಕ್ಕಿಕೊಂಡಿತ್ತು.

ತಂತಿಯ ತುದಿಗಳನ್ನು ತಿರುಚಿದ ಸುರುಳಿ ಎಡಕ್ಕೆ ತಿರುಗಿತ್ತು.

ಹಾಲಮ್ಮ ಒಮ್ಮೆ ತಿರುಗಿ ಉಸ್ತಾದರ ಕೈ ನೋಡಿದಳು.

"ಏನಮ್ಮಾ, ಏನು ಸಿಕ್ಕಿತು?" ಎಂದೆ.

"ಏನಿಲ್ಲ ಸರ್, ಪೈಪು ಸೀಳಿದೆ," ಎಂದವಳು ತಂತಿಯನ್ನು ಕತ್ತರಿಸಿ, ಯಾರಿಗೂ ಕಾಣದ ಹಾಗೆ ಜೇಬಿಗೆ ಹಾಕಿಕೊಂಡಳು. ನನಗೆ ಕಂಡಿತ್ತು. ಮೇಷ್ಟ್ರ ಕಣ್ಣು ತಪ್ಪಿಸಿ ಚೀಟಿ ಮುಚ್ಚಿಡುವುದು ಅಷ್ಟು ಸುಲಭವಲ್ಲ.

ಗೇಣುದ್ದದ ಹೊಸ ಪೈಪು ಹಾಕಿದಳು. ಕೆಂಚಿಯನ್ನು ಸೇತುವೆಯ ಆಚೆ ತುದಿಯವರೆಗೆ ಓಡಿಸಿ ವಾಪಸು ತಂದಳು. ಯಂತ್ರ ಸಿಕ್ಕಿಸಿದಳು. ಯಾವ ನಂಬರೂ ಇಲ್ಲ. ಎಂಜಿನ್ನು ನಿದ್ದೆ ಹೋದ ಕೂಸಿನ ಹಾಗೆ ಉಸಿರಾಡುತ್ತಿತ್ತು.

ಗುಜರಿಯವನಿಗೆ ಅಲ್ಲಿಂದಲೇ ಫೋನು ಮಾಡಿ ಬರಬೇಡ ಎಂದೆ. ಎರಡು ಸಲ ಹೇಳಿದೆ, ಎಲ್ಲಿ ಮರೆತು ಬಂದುಬಿಡುತ್ತಾನೋ ಎಂದು.

ಉಸ್ತಾದರು ಸ್ಟೂಲಿನ ಮೇಲೆ ಕೂತರು.

"ನೋಟುಬುಕ್ ತಗೊಂಬಾ. ಏನು ಕೆಟ್ಟಿತು?"

"ಗಾಳಿಯ ಪೈಪು ಸೀಳಿತ್ತು."

"ಯಾರ ಕೈಯಿಂದ?"

ಪೆನ್ನು ನಿಂತಿತು.

"ಗೊತ್ತಿಲ್ಲ ಉಸ್ತಾದ್. ಇಲಿ ಕಡಿದಿರಬೇಕು."

"ಇಲಿ," ಎಂದರು ಉಸ್ತಾದರು. ಎಡಗೈ ಚಾಚಿದರು. "ಜೇಬಿನಲ್ಲಿರೋ ಇಲಿಯನ್ನ ಇಲ್ಲಿ ಕೊಡು."

ಹಾಲಮ್ಮ ನನ್ನ ಕಡೆ ನೋಡಿದಳು. ನಾನು ಆಗ ನಿಜವಾಗಿಯೂ ಹೊಳೆ ನೋಡಿದೆ.

ಅವಳು ತಂತಿ ಕೊಟ್ಟಳು. ಉಸ್ತಾದರು ಅದನ್ನು ಬೆಳಕಿಗೆ ಹಿಡಿದು, ಸುರುಳಿಯ ಮೇಲೆ ಹೆಬ್ಬೆರಳು ಸವರಿದರು. ಒಣ ತೊಟ್ಟು ಅವರ ಅಂಗೈ ಮೇಲೆ ಪುಡಿಯಾಗಿ ಉದುರಿತು.

"ನಿನ್ನ ಮಷೀನಿಗೆ ನನ್ನ ಮೇಲೆ ಪ್ರೀತಿ ಇಲ್ಲ ಬೇಟಿ. ಅದಕ್ಕೇ ಇದ್ದದ್ದನ್ನ ಇದ್ದ ಹಾಗೆ ಹೇಳುತ್ತೆ."

"ನನಗಿದೆ ಉಸ್ತಾದ್," ಎಂದಳು ಹಾಲಮ್ಮ.

"ಗೊತ್ತು. ಪ್ರೀತಿ ಇಟ್ಟುಕೊಂಡೂ ಹೇಳೋದನ್ನ ಅದಕ್ಕೆ ಕಲಿಸೋಕಾಗಲ್ಲ. ನಿನಗೆ ಕಲಿಸಬೇಕು."

ಅವಳು ಪೆನ್ನು ಹಿಡಿದೇ ಇದ್ದಳು, ಬರೆಯಲಿಲ್ಲ. ಉಸ್ತಾದರು ನೋಟುಬುಕ್ಕನ್ನು ಅವಳ ಕಡೆಗೆ ಇನ್ನಷ್ಟು ಸರಿಸಿದರು.

"ಬರಿ. ಕೆಂಚಿಯ ಎಂಜಿನ್ನಿಗೂ ಒಂದು ಮೊಳ ಹೂವು ಇರಲಿ ಅಂತ ತಂತಿ ಕಟ್ಟಿದ್ದು ಬುಡೇನ್ ಸಾಬನ ಎಡಗೈ. ಅಕ್ಟೋಬರ್ ಒಂದನೇ ತಾರೀಕು, ಬುಧವಾರ, ಆಯುಧ ಪೂಜೆಯ ದಿನ."