ಒಂದೇ ಸಾಲಿನ ಚೊಂಬುಗಳು

ತುಂಗಭದ್ರೆಯ ದಂಡೆಯ ಆಶ್ರಮದಲ್ಲಿ ನಂಜುಂಡಾರಾಧ್ಯರು ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವುದನ್ನು ಕಲಿಸುತ್ತಿದ್ದರು. ಮಂತ್ರ ಕಲಿಯಲು ಬಂದವರು ಪೆಚ್ಚಾಗಿ ಹಿಂದಿರುಗುತ್ತಿದ್ದರು.

ಆಶ್ರಮದ ಔಷಧಾಲಯದಲ್ಲಿ ಇಪ್ಪತ್ತು ವರ್ಷದ ಹಳೆಯ ಪ್ರೋಗ್ರಾಮ್ ಒಂದಿತ್ತು. ಯಾವ ರೋಗಿಗೆ ಎಷ್ಟು ಔಷಧ ಎಂದು ಹೇಳುವುದು ಅದರ ಕೆಲಸ. ಅದನ್ನು ಓರಣವಾಗಿಸುವ ಹೊಣೆ ಶಿಷ್ಯ ಇಂದುಧರನದು. ಹೊಸದು ಮರುದಿನವೇ ಬಳಕೆಗೆ ಬರಬೇಕಿತ್ತು.

"ಮುಗಿಯಿತು ಗುರುಗಳೇ," ಎಂದ ಇಂದುಧರ. ಅವನ ಮುಖದಲ್ಲಿ ಹೆಮ್ಮೆ ಉಕ್ಕುತ್ತಿತ್ತು. "ತೂಕ ಎಂದರೇನು, ವಯಸ್ಸು ಎಂದರೇನು ಎಂಬ ವ್ಯಾಖ್ಯೆಗಳು ಮೂವತ್ತು ಕಡೆ ಚೆಲ್ಲಾಪಿಲ್ಲಿಯಾಗಿದ್ದವು. ಎಲ್ಲವನ್ನೂ ಪ್ರೋಗ್ರಾಮಿನ ಒಂದೇ ಭಾಗಕ್ಕೆ, ಒಂದೇ ಮಾಡ್ಯೂಲಿಗೆ ತಂದೆ."

"ಒಂದೇ ಥರದವು ಸಿಕ್ಕಿದವೇ?"

"ಸಿಕ್ಕಿದವು. ರೋಗಿಯ ತೂಕ ಒಂದು, ಔಷಧದ ತೂಕ ಇನ್ನೊಂದು. ಎರಡೂ ಬರೀ ಸಂಖ್ಯೆ. ಒಂದನ್ನು ಅಳಿಸಿದೆ."

ಗುರುಗಳು ಹೊರಗಿನ ಜಗಲಿಯತ್ತ ಕೈ ತೋರಿದರು.

"ಆಶ್ರಮದ ಸ್ಟೀಲ್ ಚೊಂಬುಗಳನ್ನೆಲ್ಲ ತಂದು ಜಗಲಿಯ ಮೇಲೆ ಜೋಡಿಸು. ಒಂದನ್ನೂ ಬಿಡಬೇಡ."

ಚೊಂಬುಗಳನ್ನು ಭಕ್ತರೊಬ್ಬರು ಒಂದೇ ಅಂಗಡಿಯಿಂದ ತಂದುಕೊಟ್ಟಿದ್ದರು. ಇಂದುಧರ ದೇವರಮನೆಯಿಂದ, ಅಡುಗೆಮನೆಯಿಂದ, ಕೊಟ್ಟಿಗೆಯಿಂದ, ಹಿತ್ತಲ ಕಕ್ಕಸಿನಿಂದ ಅವನ್ನು ತಂದ. ತೊಳೆದು, ಒರೆಸಿ, ಸಾಲಾಗಿ ಬೋರಲು ಹಾಕಿದ. ನೋಡಲು ಬಲು ಚೆನ್ನಾಗಿತ್ತು.

"ಬಾಯಾರಿದೆ. ಒಂದು ಚೊಂಬು ನೀರು ತಾ."

ಇಂದುಧರ ಕೈ ಚಾಚಿದ. ಅದು ಅಲ್ಲೇ ನಿಂತಿತು.

"ಯಾಕಪ್ಪಾ?"

"ಕಕ್ಕಸಿನದು ಯಾವುದೋ ತಿಳಿಯುತ್ತಿಲ್ಲ ಗುರುಗಳೇ."

"ಎಲ್ಲವೂ ಬರೀ ಚೊಂಬು ತಾನೇ?"

ಇಂದುಧರನಿಗೆ ತಾನು ಅಳಿಸಿದ ತೂಕ ನೆನಪಾಯಿತು. ಒಳಗೆ ಓಡಿದ.

ಮಗುವಿನ ತೂಕ ಹಾಕಬೇಕಾದಲ್ಲಿ ಮಾತ್ರೆಯ ಇನ್ನೂರ ನಲವತ್ತು ಮಿಲಿಗ್ರಾಂ ತೂಕ ಹೋಗುವಂತೆ ಬರೆದು ನೋಡಿದ. ಅವನ ಪ್ರೋಗ್ರಾಮ್ ಚಕಾರವೆತ್ತದೆ ಅದನ್ನು ಇನ್ನೂರ ನಲವತ್ತು ಕಿಲೋ ಎಂದೇ ಒಪ್ಪಿಕೊಂಡು, ಹನ್ನೆರಡು ಕಿಲೋದ ಮಗುವಿಗೆ ಇಪ್ಪತ್ತು ಪಟ್ಟು ಔಷಧ ಹೇಳಿತು. ಹಳೆಯದರಲ್ಲೂ ಹಾಗೆಯೇ ಬರೆದ. ಇದು ಬೇರೆ ತೂಕ ಎಂದು ಅದು ಅಲ್ಲೇ ತಡೆಯಿತು.

ಇಂದುಧರ ಕೂಡಲೇ ತಿದ್ದಲು ಕೂತ. ರೋಗಿಯ ವ್ಯಾಖ್ಯೆಗಳನ್ನು ರೋಗಿಯ ಮಾಡ್ಯೂಲಿಗೆ, ಔಷಧದವನ್ನು ಔಷಧದ ಮಾಡ್ಯೂಲಿಗೆ ಒಯ್ದ. ಅಳಿಸಿದ್ದನ್ನು ಮರಳಿ ತಂದ. ರೋಗಿಗೂ ಔಷಧಕ್ಕೂ ಬೇಕಾದ ದಿನಾಂಕದ ವ್ಯಾಖ್ಯೆ ಮಾತ್ರ ಎಲ್ಲೂ ಸೇರದೆ ಉಳಿಯಿತು. ಹೊರಗೆ ಬಂದು ಕೇಳಿದ:

"ಎರಡೂ ಕಡೆಗೆ ಬೇಕಾದದ್ದನ್ನು ಎಲ್ಲಿಡಲಿ?"

"ಹೊಳೆ ಯಾರ ಮನೆಯೊಳಗಿದೆ?"

ದಿನಾಂಕಕ್ಕೆ ಬೇರೆಯದೇ ಆದ ಪುಟ್ಟ ಮಾಡ್ಯೂಲಾಯಿತು.

ಮಧ್ಯಾಹ್ನ ಗುರುಗಳು ಆ ಮಗುವಿನ ಲೆಕ್ಕವೂ ಸೇರಿ ಎಲ್ಲವನ್ನೂ ಓದಿ ತಲೆಯಾಡಿಸಿದರು. ಇಂದುಧರನಿಗೆ ಹೋದ ಜೀವ ಬಂದಂತಾಯಿತು. ಜಗಲಿಯ ಮೇಲೆ ಚೊಂಬುಗಳು ಇನ್ನೂ ಹೊಳೆಯುತ್ತಿದ್ದವು.

"ಇವನ್ನೂ ಅವುಗಳ ಜಾಗಕ್ಕೆ ಸೇರಿಸಬೇಕಿತ್ತು," ಎಂದ ನಾಚುತ್ತ. "ಆದರೆ ಯಾವುದು ಎಲ್ಲಿಯದೋ ಇನ್ನು ತಿಳಿಯುವಂತಿಲ್ಲ."

ಗುರುಗಳು ಹೊಳೆಗಿಳಿದು ಬೊಗಸೆಯಲ್ಲಿ ನೀರು ಕುಡಿದು ಬಂದರು.

"ಚೊಂಬಾದರೆ ಪೇಟೆಯಿಂದ ಹೊಸದು ತರಬಹುದು. ಆ ಮಗುವನ್ನು ಎಲ್ಲಿಂದ ತರುತ್ತಿದ್ದೆ?"